ಕೆಂಪು ಚುಕ್ಕೆಯ ಲೋಟ

ನಮ್ಮಣ್ಣನನ್ನ ಬೀದೀಲಿ ಎಲ್ಲರೂ ಬನ್ನಣ್ಣ ಅಂತಾನೇ ಕರೀತಿದ್ರು. ಬೇಕರಿ ಇಟ್ಟವನಿಗೆ ಇನ್ನೇನು ಹೆಸರು ಬರುತ್ತೆ ಹೇಳಿ. ಗಿಡ್ಡ ಆಳು, ಗುಂಡು ಮುಖ, ಒಲೆ ಮುಂದೆ ನಿಂತೂ ನಿಂತೂ ಕೆಂಪಾದ ಕೆನ್ನೆ. ಅವನು ಮಾಡೋ ಬನ್ನಿಗೂ ಅವನಿಗೂ ಅಂಥ ವ್ಯತ್ಯಾಸ ಏನೂ ಇರಲಿಲ್ಲ ಬಿಡಿ. ನಾನೊಬ್ಬಳೇ ಅಣ್ಣ ಅಂತಿದ್ದೆ. ಆಮೇಲೆ ಹನ್ನೊಂದು ವರ್ಷ ಅದನ್ನೂ ಅನ್ನಲಿಲ್ಲ. ಯಾಕೆ ಅಂತ ಹೇಳ್ತೀನಿ, ಮಧ್ಯದಲ್ಲಿ ಬಾಯಿ ಹಾಕಬೇಡಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಇಷ್ಟೆಲ್ಲಾ ಆಗಿದ್ದು ಅದರಿಂದಲೇ.

ಅವನಿಗೆ ಹತ್ತೊಂಬತ್ತು ವರ್ಷ ಇದ್ದಾಗ ಬೇರೆಯವರ ಬೇಕರಿಯಲ್ಲಿ ಕೆಲಸಕ್ಕಿದ್ದ. ಒಂದು ಸ್ಕೂಲಿನಲ್ಲಿ ರಕ್ತದಾನದ ಶಿಬಿರ ಇತ್ತು. ಕೊಟ್ಟವರಿಗೆ ತಿನ್ನೋಕೆ ಬಿಸ್ಕೆಟ್ ತಲುಪಿಸಿ ಬಾ ಅಂತ ಯಜಮಾನ ಕಳಿಸಿದ್ದ. ಡಬ್ಬ ಇಳಿಸಿ ವಾಪಸ್ ಹೊರಟವನನ್ನ ಅಲ್ಲಿನ ನರ್ಸಮ್ಮ ತಡೆದು, "ಏನಪ್ಪಾ, ಇಷ್ಟು ದಪ್ಪ ತೋಳು ಇಟ್ಕೊಂಡು ಬರೀ ಬಿಸ್ಕೆಟ್ ಕೊಟ್ಟು ಹೋಗ್ತೀಯಾ?" ಅಂದಳಂತೆ. ಇವನು ನಾಚ್ಕೊಂಡು ಮಲಗಿದ್ದಾನೆ. ಪರೀಕ್ಷೆ ಮಾಡಿ ನೋಡಿದ್ರೆ ಓ ನೆಗೆಟಿವ್. ಇದು ಅಪರೂಪದ ಗುಂಪು, ನಿಮ್ಮಂಥವರು ಸಿಗೋದೇ ಕಷ್ಟ ಅಂತ ಡಾಕ್ಟರೇ ಬಂದು ಕೈ ಕುಲುಕಿದ್ರಂತೆ.

ಅವತ್ತು ಅವನು ಮನೆಗೆ ಬಂದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತೋಳಿಗೆ ಹತ್ತಿ ಅಂಟಿಸ್ಕೊಂಡು, ಎದೆ ಉಬ್ಬಿಸ್ಕೊಂಡು, "ಯಾರ ಹತ್ರಾನೂ ಇಲ್ಲದ್ದು ನನ್ನ ಹತ್ರ ಇದೆಯಂತೆ ಕಣೇ!" ಅಂದ. ಓದಿನಲ್ಲಿ ಹಿಂದೆ, ಆಟದಲ್ಲಿ ಹಿಂದೆ, ಫೋಟೋ ತೆಗೆಯೋವಾಗಲೂ ಹಿಂದಿನ ಸಾಲು. ಪಾಪ, ಅಂಥವನಿಗೆ ಮೊದಲನೇ ಸಲ ಯಾರೋ ನೀನು ಬೇಕು ಅಂದಿದ್ರು. ರಕ್ತ ಯಾಕೆ ಕೊಡಬೇಕು ಅಂತ ಜನ ದೊಡ್ಡ ದೊಡ್ಡ ಭಾಷಣ ಮಾಡ್ತಾರಲ್ಲ, ನಮ್ಮಣ್ಣ ಕೊಡ್ತಿದ್ದಿದ್ದು ಜಂಬಕ್ಕೆ. ಹೇಳೋಕೆ ನನಗೇನೂ ನಾಚಿಕೆ ಇಲ್ಲ. ಜಂಬಕ್ಕೇ ಕೊಡಲಿ, ಯಾರದೋ ಮನೆ ದೀಪ ಉಳೀತಲ್ಲ.

ನಾನು ಮಾತ್ರ ಆ ಕಡೆ ತಲೆ ಹಾಕಿದವಳಲ್ಲ. ನಾನು ಹೊಲಿಗೆಯವಳು, ಸ್ಕೂಲಿನ ಯೂನಿಫಾರ್ಮ್ ಹೊಲಿಯೋದು. "ಇಡೀ ದಿನ ಸೂಜಿ ಹಿಡಿಯೋಳು, ನಿನಗೆ ಸೂಜಿ ಅಂದ್ರೆ ಭಯವಾ?" ಅಂತ ಅವನು ರೇಗಿಸೋನು. "ನಾನು ಚುಚ್ಚೋದು ಬಟ್ಟೆಗೆ, ಅದು ಅಯ್ಯೋ ಅನ್ನಲ್ಲ. ನಮ್ಮ ಮನೆ ಪಾಲಿಂದು ನೀನೇ ಕೊಡ್ತಿದ್ದೀಯಲ್ಲ, ಸಾಕು ಬಿಡು" ಅಂತಿದ್ದೆ ನಾನು. ನಲವತ್ತೆಂಟು ಸಲ ಕೊಟ್ಟ. ಐವತ್ತು ಆದ್ರೆ ಹಾರ ಹಾಕ್ತಾರಂತೆ ಅಂತ ಹೊಸ ಬಿಳಿ ಶರ್ಟು ಬೇರೆ ನನ್ನ ಕೈಲಿ ಹೊಲಿಸಿ ಇಟ್ಕೊಂಡಿದ್ದ.

ಆಮೇಲೆ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಮನುಷ್ಯ ಬದಲಾದ. ಬರಿಗೈಯಲ್ಲಿ ಹಿಟ್ಟು ನಾದೋನು ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡ. ಒಂದು ಸ್ಟೀಲ್ ಲೋಟದ ತಳಕ್ಕೆ ಕೆಂಪು ಬಣ್ಣದಲ್ಲಿ ಚುಕ್ಕೆ ಇಟ್ಟು, ಅದನ್ನ ಯಾರೂ ಮುಟ್ಟಬಾರದು ಅಂದ. ನಮ್ಮ ಮನೆಗೆ ಬಂದ್ರೂ ಜೇಬಲ್ಲಿ ಅದೇ ಲೋಟ. "ಓಹೋ, ನಮ್ಮ ಮನೆ ಲೋಟ ಇವರಿಗೆ ಹಿಡಿಸಲ್ವೋ ಏನೋ" ಅಂತ ನಾನು ಮೂತಿ ತಿರುವಿದ್ದೆ. ಅವನು ನಕ್ಕು ಲೋಟ ಜೇಬಿಗೆ ಹಾಕ್ಕೊಂಡ. ಬೆಳಿಗ್ಗೆ ಒಲೆ ಬೇಗ ಹಚ್ಚಬೇಕು ಅನ್ನೋ ನೆಪದಲ್ಲಿ ಮಲಗೋದನ್ನೂ ಬೇಕರಿಗೇ ಬದಲಾಯಿಸಿದ. ಅತ್ತಿಗೆ ಒಂದು ದಿನ ನನ್ನ ಹತ್ರ ಹೊಲಿಸೋಕೆ ಬಂದವರು, "ನನ್ನ ಮುಖ ಕಂಡ್ರೆ ಆಗಲ್ಲ ಅನ್ಸುತ್ತೆ ಇವರಿಗೆ" ಅಂತ ಕಣ್ಣೀರು ಹಾಕಿದ್ರು. ನಾನು ಅವನನ್ನ ಚೆನ್ನಾಗಿ ಬೈದು ಅವರಿಗೆ ಸಮಾಧಾನ ಮಾಡಿದ್ದೆ.

ಅದಾಗಿ ಸ್ವಲ್ಪ ದಿನಕ್ಕೇ ನನ್ನ ಮಗಳ ಹೆರಿಗೆ. ಮಧ್ಯಾಹ್ನ ಮಗು ಆಯ್ತು, ಹೆಣ್ಣು. ಸಂತೋಷ ಪಡೋಕೂ ಬಿಡಲಿಲ್ಲ, ರಕ್ತಸ್ರಾವ ನಿಲ್ತಿಲ್ಲ ಅಂತ ಡಾಕ್ಟರಮ್ಮ ಓಡಿ ಬಂದ್ರು. ಮಗಳದ್ದೂ ಓ ನೆಗೆಟಿವ್. ಇದ್ದ ಒಂದು ಬಾಟ್ಲಿ ಹಾಕಿ ಆಗಿದೆ, ಇನ್ನೊಂದಾದ್ರೂ ಬೇಕು ಅಂದ್ರು. ನನ್ನದೂ ಅದೇ ಗುಂಪು. ಸೂಜಿ ಭಯ ಎಲ್ಲಿ ಹೋಯ್ತೋ, ಓಡಿ ಹೋಗಿ ಮಲಗಿದೆ. ಬೆರಳು ಚುಚ್ಚಿ ನೋಡಿದ ನರ್ಸು, "ಅಮ್ಮಾ, ನಿಮಗೇ ರಕ್ತ ಕಮ್ಮಿ ಇದೆ, ಎದ್ದೇಳಿ" ಅಂದುಬಿಟ್ಟಳು. ಬೀಗರ ಕಡೆ ಮೂರು ಜನ ಗಂಡಸರು ಇದ್ರು. ಗುಂಪು ಯಾವುದು ಅಂತ ಕೇಳೋಕೆ ಮುಂಚೆನೇ ಒಬ್ಬನಿಗೆ ಹೋದ ವಾರದ ಜ್ವರ ನೆನಪಾಯ್ತು, ಇನ್ನೊಬ್ಬ ಮಾತ್ರೆ ತಗೋತಿದ್ದೀನಿ ಅಂದ, ಮೂರನೆಯವನು ಸ್ಕೂಟರ್ ನೆರಳಿಗೆ ನಿಲ್ಲಿಸಿ ಬರ್ತೀನಿ ಅಂತ ಹೋದವನು ಪತ್ತೆನೇ ಇಲ್ಲ. ನನಗೇನೂ ಚಿಂತೆ ಆಗಲಿಲ್ಲ. ನಮ್ಮಣ್ಣ ಇದ್ದಾನಲ್ಲ!

ಫೋನ್ ಮಾಡಿದ ತಕ್ಷಣ ಬಂದ. ಬಂದವನು ಬಾಗಿಲ ಹತ್ರಾನೇ ನಿಂತ.

"ನನ್ನ ಕೈಲಿ ಆಗಲ್ಲ ಕಣೇ" ಅಂದ.

"ಏನು ಆಗಲ್ಲ?"

"ರಕ್ತ ಕೊಡೋಕೆ ಆಗಲ್ಲ."

"ಯಾಕೆ? ಏನಾಗಿದೆ ನಿನಗೆ? ಕಲ್ಲುಗುಂಡಿನ ಹಾಗಿದ್ದೀಯಲ್ಲೋ!"

"ಆಗಲ್ಲ ಅಂದೆನಲ್ಲ. ಕೇಳಬೇಡ."

ನಾನು ಬಾಯಿಗೆ ಬಂದ ಹಾಗೆ ಅಂದೆ. ದಾರೀಲಿ ಹೋಗೋರಿಗೆಲ್ಲ ನಲವತ್ತೆಂಟು ಸಲ ಕೊಟ್ಟೆ, ನೀನೇ ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿಗೆ ಆಗಲ್ವಾ ಅಂದೆ. ಇವತ್ತಿಂದ ನನಗೆ ಅಣ್ಣ ಇಲ್ಲ, ಸತ್ತ ಅಂದೆ. ಆಸ್ಪತ್ರೆ ಅಂತಾನೂ ನೋಡಲಿಲ್ಲ. ಅವನು ತಲೆ ತಗ್ಗಿಸಿ ಹೊರಟುಹೋದ.

ಒಂದು ಗಂಟೆ ಆಗಿರಬೇಕು, ಗ್ಯಾಸ್ ಸಿಲಿಂಡರ್ ಹೊರೋ ಮನುಷ್ಯ ಒಬ್ಬ ಬೆವರು ಒರೆಸ್ಕೊಂಡು ಬಂದ. "ಬನ್ನಣ್ಣ ಕಳಿಸಿದ್ರು, ನನ್ನದು ಓ ನೆಗೆಟಿವ್" ಅಂದ. ಅಣ್ಣ ತನಗೆ ಗೊತ್ತಿದ್ದ ರಕ್ತ ಕೊಡೋರ ಮನೆ ಮನೆಗೂ ಅಲೆದು ಅವನನ್ನ ಹುಡುಕಿದ್ನಂತೆ. ನನ್ನ ಮಗಳು ಬದುಕಿದಳು. ಆದ್ರೂ ನನಗೆ ಕರುಣೆ ಬರಲಿಲ್ಲ. ತನ್ನದು ಉಳಿಸ್ಕೊಂಡು ಇನ್ನೊಬ್ಬರದು ಕಳಿಸಿದ ಅಂತಾನೇ ಅಂದ್ಕೊಂಡೆ. ಸಂಜೆ ಅಣ್ಣ ಮತ್ತೆ ಬಂದು ಕೆಳಗೆ ಮೆಟ್ಟಿಲ ಹತ್ರ ನಿಂತಿದ್ದ. ಅಳಿಯ ಮಗು ಎತ್ಕೊಂಡು ಅಲ್ಲಿಗೆ ಹೋಗಿ, "ಮಾವ, ತಗೊಳ್ಳಿ" ಅಂತ ಅವನ ಮುಂದೆ ಚಾಚಿದ್ರೆ, ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅದನ್ನ ನಾನು ಮೇಲಿಂದ ನೋಡಿದೆ. ಅಲ್ಲಿಗೆ ಮುಗೀತು.

ಹನ್ನೊಂದು ವರ್ಷ. ಎರಡೇ ಬೀದಿ ಆಚೆ ಬೇಕರಿ. ನಾನು ಸುತ್ತು ಬಳಸಿ ಓಡಾಡಿದೆ. ಮಗುವಿನ ಹುಟ್ಟಿದ ದಿನಕ್ಕೆ ತಪ್ಪದೆ ಅತ್ತಿಗೆ ಕೈಲಿ ಕೇಕ್ ಕಳಿಸ್ತಿದ್ದ, ನಾನು ಅಷ್ಟೇ ತಪ್ಪದೆ ವಾಪಸ್ ಕಳಿಸ್ತಿದ್ದೆ. ಅವಳು ಸ್ಕೂಲಿಗೆ ಹೋಗೋವಾಗ ಬೇಕರಿ ಬಾಗಿಲಲ್ಲಿ ನಿಂತು ದೂರದಿಂದ ಕೈ ಬೀಸ್ತಾನೆ ಅಂತ ಗೊತ್ತಿತ್ತು. ಬೀಸಲಿ ಬಿಡು ಅಂದ್ಕೊಂಡೆ.

ಹೋದ ವರ್ಷ ಅತ್ತಿಗೆ ಫೋನ್ ಮಾಡಿದ್ರು. ಅಣ್ಣ ರಕ್ತ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದ್ದಾನೆ, ಲಿವರ್ ಹಾಳಾಗಿದೆ, ರಕ್ತ ಬೇಕು ಅಂದ್ರು. ಹೋದೆ. ವಾರ್ಡಿನ ಹೊರಗಿನ ಬೆಂಚಲ್ಲಿ ಅತ್ತಿಗೆ ಒಬ್ಬರೇ ಕೂತಿದ್ರು.

"ನಿನ್ನದೂ ಅದೇ ಗುಂಪು ಅಲ್ವೇನೇ?" ಅಂದ್ರು.

ನನ್ನ ನಾಲಿಗೆಗೆ ಹುಳ ಬೀಳ. "ಅವತ್ತು ನನ್ನ ಮಗಳಿಗೆ ಅವನು ಕೊಟ್ಟನಾ?" ಅಂದೆ.

ಅತ್ತಿಗೆ ಚೀಲದಿಂದ ಒಂದು ಮಡಿಸಿದ ಕಾಗದ ತೆಗೆದು ಕೊಟ್ಟರು. ಮೊನ್ನೆ ಬೇಕರಿಯ ಬಿಸ್ಕೆಟ್ ಡಬ್ಬದ ತಳದಲ್ಲಿ ಸಿಕ್ತಂತೆ. ರಕ್ತನಿಧಿಯಿಂದ ಬಂದ ಪತ್ರ. ನಿಮ್ಮ ರಕ್ತದಲ್ಲಿ ಲಿವರ್ ಹಾಳು ಮಾಡೋ ಹೆಪಟೈಟಿಸ್ ಸಿ ಸೋಂಕು ಕಂಡುಬಂದಿದೆ, ಇನ್ನು ಮುಂದೆ ರಕ್ತದಾನ ಮಾಡಬಾರದು ಅಂತ ಇತ್ತು. ಆ ಸಾಲಿನ ಕೆಳಗೆ ಪೆನ್ನಲ್ಲಿ ಎರಡು ಗೆರೆ ಎಳೆದಿದ್ದ. ಅದರ ಕೆಳಗಿನ ಸಾಲು, ಈ ಪತ್ರ ತಗೊಂಡು ಡಾಕ್ಟರನ್ನ ಕಾಣಿ ಅನ್ನೋದಕ್ಕೆ ಗೆರೆ ಇರಲಿಲ್ಲ. ತಾರೀಖು ನೋಡಿದೆ. ನನ್ನ ಮೊಮ್ಮಗಳು ಹುಟ್ಟೋಕೆ ಮೂರು ತಿಂಗಳು ಮುಂಚಿನದು.

"ನನಗೂ ಹೇಳಿರಲಿಲ್ಲ" ಅಂದ್ರು ಅತ್ತಿಗೆ. "ಗೊತ್ತಾದ್ರೆ ಅವರ ಬ್ರೆಡ್ಡು ಯಾರು ಕೊಳ್ತಾರೆ ಅಂತ ಇರಬಹುದು. ನಾನು ನನ್ನ ಮೇಲೆ ಬೇಜಾರು ಅಂದ್ಕೊಂಡಿದ್ದೆ ಕಣೇ."

ಆಗ ಬಂದ ಡಾಕ್ಟರು ಇನ್ನೂ ಹುಡುಗ. ಅವನಿಗೆ ನಮ್ಮ ಮೇಲೇ ಕೋಪ. ಇದು ಯಾವ ಹಳೇ ಸೂಜಿಯಿಂದ, ಯಾವ ಬ್ಲೇಡಿನಿಂದ ಬಂತೋ ಹೇಳೋಕಾಗಲ್ಲ ಅಂದ. ರಕ್ತಕ್ಕೆ ರಕ್ತ ಸೇರಿದ್ರೆ ಹರಡುತ್ತೆ ಅಷ್ಟೇ, ಬ್ರೆಡ್ಡಿಂದ ಬರಲ್ಲ, ಲೋಟದಿಂದ ಬರಲ್ಲ, ಮಗು ಎತ್ಕೊಂಡ್ರೆ ಬರಲ್ಲ ಅಂದ. "ಈಗ ಮೂರು ತಿಂಗಳ ಮಾತ್ರೆ ಇದೆಯಮ್ಮ, ಮುಂಚೆನೇ ತೋರಿಸಿದ್ರೆ ವಾಸಿ ಆಗ್ತಿತ್ತು. ಯಾಕೆ ತೋರಿಸಲಿಲ್ಲ?" ಅಂತ ಕೇಳಿದ. ತನ್ನ ಹತ್ರ ಯಾರ ಹತ್ರಾನೂ ಇಲ್ಲದ್ದು ಇದೆ ಅಂತ ಎದೆ ಉಬ್ಬಿಸ್ಕೊಂಡು ಬಂದಿದ್ದ ಹುಡುಗ, ಅದೇ ಕೆಟ್ಟುಹೋಯ್ತು ಅಂತ ಯಾರ ಮುಂದೆ ಹೋಗಿ ತೋರಿಸ್ತಾನೆ?

ನಾನು ರಕ್ತ ಕೊಟ್ಟೆ. ಈ ಸಲ ಬೇಕಾದಷ್ಟು ಇತ್ತು. ಸೂಜಿ ಚುಚ್ಚಿದಾಗ ಅಯ್ಯೋ ಅಂತ ಜೋರಾಗೇ ಅತ್ತೆ. ಅಷ್ಟು ನೋವಾಯ್ತಾ ಅಂತ ನರ್ಸು ಗಾಬರಿಯಾದಳು.

ರಕ್ತ ಪರೀಕ್ಷೆ ಮುಗಿಸಿ ಅವನಿಗೆ ಹಾಕಿದ್ದು ಮಾರನೇ ದಿನ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟ. ಮೇಲೆ ತೂಗಿದ್ದ ಚೀಲ ನೋಡಿದ, ನನ್ನ ತೋಳಿಗೆ ಇನ್ನೂ ಅಂಟಿದ್ದ ಹತ್ತಿ ನೋಡಿದ, ಅತ್ತಿಗೆ ಮಡಿಲಲ್ಲಿದ್ದ ಆ ಪತ್ರಾನೂ ನೋಡಿದ.

"ನೀನಾ?" ಅಂದ. "ಸೂಜಿ ಅಂದ್ರೆ ಓಡ್ತಿದ್ದೆಯಲ್ಲೇ."

"ಹೂಂ, ನಾನೇ. ಸುಮ್ನಿರು."

"ಪರೀಕ್ಷೆ ಮಾಡಿದ್ರಾ ನಿನ್ನ ರಕ್ತ? ಏನು ಬಂತು?"

"ಎಲ್ಲಾ ಸರಿ ಇದೆಯಂತೆ."

ಅವನ ಮುಖ ಅರಳಿದ್ದು ನೋಡಬೇಕಿತ್ತು ನೀವು. ಆ ಹಳದಿ ಮುಖದಲ್ಲಿ ಹತ್ತೊಂಬತ್ತರ ಜಂಬ ವಾಪಸ್ ಬಂದಿತ್ತು. "ನೋಡಿದೆಯಾ?" ಅಂದ. "ಹನ್ನೊಂದು ವರ್ಷ ಒಬ್ಬರಿಗೂ ತಾಗಿಸಲಿಲ್ಲ ನಾನು. ಅಷ್ಟು ಹುಷಾರಾಗಿದ್ದೆ." ಆಮೇಲೆ ಅತ್ತಿಗೆ ಕಡೆ ತಿರುಗಿ, "ನಿನಗೂ ಏನೂ ಇಲ್ಲ ತಾನೆ?" ಅಂದ.

ನಿಜ ನನ್ನ ನಾಲಿಗೆ ತುದಿಯಲ್ಲಿತ್ತು. ನಾನು ಬಾಯಿಗೆ ಬಂದದ್ದನ್ನ ನುಂಗಿದವಳೇ ಅಲ್ಲ. ಅತ್ತಿಗೆ ಒದ್ದೆ ಬಟ್ಟೆ ಹಿಂಡ್ತಾ ನನ್ನನ್ನ ಒಂದು ಸಲ ನೋಡಿದ್ರು. ಹನ್ನೊಂದು ವರ್ಷ ಒಂಟಿಯಾಗಿ ಮಲಗಿದ ಹೆಂಗಸು. ಆ ಮಾತು ಹೇಳೋ ಹಕ್ಕು ಯಾರಿಗಾದ್ರೂ ಇದ್ರೆ ಅವರಿಗೇ.

"ಏನೂ ಇಲ್ಲ ಕಣ್ರೀ" ಅಂದ್ರು ಅತ್ತಿಗೆ. "ನೀವು ಕಾಪಾಡಿದ್ರಿ."

"ಹೌದಣ್ಣ" ಅಂದೆ ನಾನೂ.

ಹೊರಗೆ ಬಂದು ಗೋಡೆಗೆ ತಲೆ ಆನಿಸಿ ಅತ್ತೆ. ಆದ್ರೂ ಒಳ್ಳೇದು ಮಾಡಿದ್ವಿ ಅಂತಾನೇ ಅನಿಸಿತ್ತು. ಸಾಯೋ ಮನುಷ್ಯನ ಕೈಯಿಂದ ಅವನ ಹನ್ನೊಂದು ವರ್ಷ ಕಿತ್ಕೊಳ್ಳೋದು ಹೇಗೆ?

ಸಂಜೆ ಮಗಳು ಮೊಮ್ಮಗಳನ್ನ ಕರ್ಕೊಂಡು ಬಂದಳು. ಹಿಂದಿನ ರಾತ್ರಿ ಹುಡುಗೀನ ನಾನೇ ಕೂರಿಸ್ಕೊಂಡು ಎಲ್ಲಾ ಹೇಳಿದ್ದೆ. ಅವಳು ಸ್ಕೂಲಿನ ಬಟ್ಟೆಯಲ್ಲೇ ಓಡಿ ಬಂದು, "ತಾತ!" ಅಂತ ಎರಡೂ ಕೈ ಚಾಚಿ ಮಂಚದ ಹತ್ರ ಹೋದಳು. ಅವನು ಇದ್ದಬದ್ದ ಶಕ್ತಿ ಎಲ್ಲಾ ಸೇರಿಸಿ ಕೈ ಅಡ್ಡ ಹಿಡಿದ.

"ಬೇಡ ಪುಟ್ಟಾ. ಅಲ್ಲೇ ನಿಲ್ಲು."

ಅವಳು ಅಲ್ಲೇ ನಿಂತಳು. ನನ್ನ ಮುಖ ನೋಡಿದಳು. ಅತ್ತಿಗೆ ಕೈಲಿದ್ದ ಬಟ್ಟೆ ಕೆಳಗೆ ಬಿತ್ತು. ನಾನು ಮಂಚದ ಪಕ್ಕ ಇದ್ದ ಚುಕ್ಕೆ ಲೋಟ ಎತ್ತಿ, ಅವನು ಕುಡಿದು ಬಿಟ್ಟಿದ್ದ ನೀರನ್ನ ಗಟಗಟ ಕುಡಿದೆ. "ಸುಳ್ಳು ಹೇಳಿದ್ವಿ ಕಣೋ ಅಣ್ಣ, ಇದರಿಂದ ಏನೂ ಆಗಲ್ಲ, ಯಾವತ್ತೂ ಆಗ್ತಿರಲಿಲ್ಲ. ಮಗೂನ ಎತ್ಕೊಳ್ಳೋ!" ಅಂತ ಕೂಗಿದೆ. ಅವನು ಭಯದಿಂದ ಕಣ್ಣು ದೊಡ್ಡದು ಮಾಡಿ, "ಉಗಿಯೇ, ಉಗಿಯೇ ಅದನ್ನ" ಅಂತ ಒದ್ದಾಡಿದ. ನಾನು ಹೇಳಿದ್ದನ್ನ ನಂಬಲೇ ಇಲ್ಲ. ಮಧ್ಯಾಹ್ನ ನಾವೇ ಹೌದು ಅಂದಿದ್ವಲ್ಲ, ಈಗ ಹೇಗೆ ನಂಬ್ತಾನೆ? ನರ್ಸು ಬಂದು ನಮ್ಮನ್ನೆಲ್ಲಾ ಹೊರಗೆ ಕಳಿಸಿದಳು. ಬೆಳಗಾಗೋದರೊಳಗೆ ಹೋಗಿಬಿಟ್ಟ.

ಐವತ್ತನೇ ಸಲಕ್ಕೆ ಅಂತ ಹೊಲಿಸಿದ್ದ ಬಿಳಿ ಶರ್ಟನ್ನೇ ಹಾಕಿದ್ವಿ. ಮೈ ಇಳಿದು ಹೋಗಿತ್ತು, ಶರ್ಟು ದೊಗಳೆ ಆಗ್ತಿತ್ತು. ಹಿಂದೆ ಎರಡು ಹೊಲಿಗೆ ಹಾಕಿ ಹಿಡಿಸಿದೆ. ಮೊಮ್ಮಗಳು ಅವನ ಕೈಯನ್ನ ತನ್ನೆರಡೂ ಕೈಯಲ್ಲಿ ಹಿಡ್ಕೊಂಡು ಕೂತಿದ್ದಳು, ಎಬ್ಬಿಸೋ ತನಕ ಬಿಡಲಿಲ್ಲ. ಈಗ ತಡೆಯೋಕೆ ಅವನಿರಲಿಲ್ಲ.