ಗುಂಡಿಗೆ ಕೊಟ್ಟ ಔಷಧಿ

ಜೀವಮಾನವೆಲ್ಲ ಆಸ್ಪತ್ರೆಯ ಕಿಟಕಿಯಾಚೆ ನಿಂತು ಮಾತ್ರೆ ಕೊಟ್ಟ ಮನುಷ್ಯನ ಕೈಗೆ ಸಗಣಿ ಬುಟ್ಟಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ನಿವೃತ್ತನಾದರೂ ಎಲ್ಲರ ಬಾಯಲ್ಲಿ ಅವನು ಕಾಂಪೌಂಡರೇ. ಎದುರಿಗಿದ್ದವರು ಸೀನಿದರೆ ಸಾಕು, ಕೈ ತಾನಾಗಿ ಮಾತ್ರೆಗೆಂದು ಜೇಬಿಗೆ ಹೋಗುತ್ತಿತ್ತು.

ಹಿತ್ತಲ ಗೋಬರ್ ಗ್ಯಾಸ್ ಗುಂಡಿ ಮಾತ್ರ ಹೆಂಡತಿಯ ಸಾಮ್ರಾಜ್ಯ. ಎಮ್ಮೆಗಳ ಸಗಣಿ, ಅಷ್ಟೇ ನೀರು, ಒಂದು ಹಿಡಿ ನೆನೆಸಿದ ಜೋಳದ ದಂಟಿನ ಚೂರು, ಇದು ಗುಂಡಿಯ ನಿತ್ಯದ ಊಟ. ಒಳಗೆ ಅದು ಕೊಳೆತು ಗ್ಯಾಸಾದರೆ ಗುಂಡಿಯ ಮೇಲೆ ಕವುಚಿದ ಡ್ರಮ್ಮು ಉಬ್ಬಿ ಮೇಲೇಳುತ್ತಿತ್ತು, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು.

ಮಂಡಿ ಆಪರೇಷನ್ ಆಗಿ ಹೆಂಡತಿ ಮಗಳ ಮನೆ ಸೇರಿದಳು. ಅಮ್ಮ ಇನ್ನು ಸಗಣಿ ಬಾಚುವುದು ಬೇಡ, ಇಲ್ಲೇ ಇರಲಿ ಎಂದು ಮಗಳ ಹಟ. ಹೆಂಡತಿ ಫೋನಿನಲ್ಲೇ ತೀರ್ಪು ಕೊಟ್ಟಳು.

"ಭಾನುವಾರ ಬಂದು ನೋಡ್ತೀನಿ. ಒಲೆ ಉರೀತಿದ್ರೆ ಅಲ್ಲೇ ಇರ್ತೀನಿ. ಇಲ್ಲಾಂದ್ರೆ ಇವಳ ಜೊತೆನೇ ವಾಪಸ್."

ಅವಳಿಲ್ಲದ ಮನೆಯಲ್ಲಿ ಕಾಂಪೌಂಡರ್ ಆಗಲೇ "ಊಟ ಆಯ್ತಾ?" ಎಂದು ತನ್ನನ್ನು ತಾನೇ ಕೇಳಿಕೊಂಡು, "ಆಯ್ತು" ಎಂದು ತನಗೇ ಸುಳ್ಳು ಹೇಳುತ್ತಿದ್ದ.

ಉರಿ ಜೋರಾಗಿರಲಿ ಎಂದು ಬುಟ್ಟಿಗಟ್ಟಲೆ ಹಸಿ ದಂಟು ಸುರಿದ. ಗುಂಡಿಗೆ ಅಜೀರ್ಣವಾಯಿತು. ಒಳಗಿನ ಸಗಣಿ ನೀರಿನ ಬಗ್ಗಡ ಹುಳಿಯಾಗಿ ನೊರೆ ಕಾರಿತು, ಉರಿ ಸಣ್ಣಗಾಯಿತು. ಬೇರೆಯವರಾಗಿದ್ದರೆ ದಂಟು ನಿಲ್ಲಿಸುತ್ತಿದ್ದರು. ಇವನು ಒಳಗಿಂದ ಹಳೆಯ ಸ್ಟೆತಾಸ್ಕೋಪು ತಂದು ಡ್ರಮ್ಮಿಗೆ ಒತ್ತಿ ಹಿಡಿದ.

"ಜೋರಾಗಿ ಉಸಿರೆಳ್ಕೋ," ಎಂದ.

ಗುಂಡಿ ಗುಳುಕ್ ಎಂದಿತು. ಸೋಂಕು, ಅನುಮಾನವೇ ಇಲ್ಲ! ಕಪಾಟಿನಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳನ್ನೆಲ್ಲ ಅರೆದು, ಬೆಚ್ಚಗಿನ ನೀರಿನಲ್ಲಿ ಕದಡಿ, ಹೊತ್ತು ಹೊತ್ತಿಗೆ ಸರಿಯಾಗಿ ಕುಡಿಸಿದ. ಶನಿವಾರದ ಹೊತ್ತಿಗೆ ಡ್ರಮ್ಮು ಕುಸಿದು ತಳಕ್ಕೆ ಕೂತಿತ್ತು, ಒಲೆ ಪೂರ್ತಿ ಆರಿತ್ತು. ಮಾಡಿದ್ದುಣ್ಣೋ ಮಹರಾಯ!

ಓಡಿಹೋದದ್ದು ನಾದಿನಿಯ ಮನೆಗೆ. ಅವಳ ಹಿತ್ತಲಲ್ಲೂ ಒಂದು ಗುಂಡಿಯಿತ್ತು. ಕತೆ ಕೇಳಿ ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಭಾವ, ಗ್ಯಾಸ್ ಮಾಡೋ ಕ್ರಿಮಿಗಳನ್ನೇ ಕೊಂದು ಕೂತಿದ್ದೀರಲ್ಲ!"

"ಜೀವನಪೂರ್ತಿ ಅದೇ ಕೆಲಸ ಮಾಡಿದ್ದಲ್ವೇನಮ್ಮ?"

"ಹೆಪ್ಪು ಹಾಕ್ಬೇಕು. ನನ್ನ ಗುಂಡಿ ಬಗ್ಗಡ ತಗೊಂಡು ಹೋಗಿ. ಆದ್ರೆ ಮೊಸರಾದ್ರೆ ಬೆಳಗಾಗೋದ್ರಲ್ಲಿ ಆಗತ್ತೆ, ಇದಕ್ಕೆ ವಾರಗಟ್ಟಲೆ ಬೇಕು."

ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಗ್ಗಡದ ಪೀಪಾಯಿಯನ್ನು ತಳ್ಳುಗಾಡಿಗೇರಿಸಿ, ಬಿಸಿಲು ತಾಗದಿರಲೆಂದು ಕೊಡೆ ಹಿಡಿದು, "ದಾರಿ ಬಿಡ್ರಪ್ಪ, ಪೇಷಂಟ್ ಸೀರಿಯಸ್ಸು!" ಎಂದು ಕೂಗುತ್ತ ಬಂದ. ಜನ ನಿಜಕ್ಕೂ ದಾರಿ ಬಿಟ್ಟರು, ಮೂಗು ಮುಚ್ಚಿಕೊಂಡು. ಒಬ್ಬ ಮುದುಕ ಗೌರವದಿಂದ ಟೋಪಿಯನ್ನೂ ತೆಗೆದ.

ಭಾನುವಾರ ಕಾರು ಬಂತು. ಹೆಂಡತಿ ಕೋಲೂರಿಕೊಂಡು ಅಡುಗೆಮನೆಗೆ ಹೋಗಿ ಕಡ್ಡಿ ಗೀರಿದಳು. ಒಲೆ ಹತ್ತಲಿಲ್ಲ. ಇನ್ನೊಂದು ಗೀರಿದಳು, ಬೆರಳು ಸುಟ್ಟಿತು. ಗೋಡೆಗೊರಗಿ ನಿಂತ ಗಂಡನ ಕಡೆ ತಿರುಗಿದಳು.

"ಏನು ಕೊಟ್ರಿ ಅದಕ್ಕೆ?"

"ಮಾತ್ರೆ."

"ಊಟಕ್ಕೆ ಮುಂಚೆನೋ, ಆಮೇಲೋ?"

"ಆಮೇಲೆ. ದಿನಕ್ಕೆ ಮೂರು ಸಲ," ಎಂದ ಅವನು, ಅಭ್ಯಾಸಬಲ.

ಅವಳು ಮಂಡಿ ಹಿಡಿದುಕೊಂಡು ನಕ್ಕಳು, ನೋವಿಗೂ ನಗುವಿಗೂ ಕಣ್ಣಲ್ಲಿ ನೀರು ಬರುವಷ್ಟು. ಮಗಳು ನಗಲಿಲ್ಲ. "ನೋಡಿದ್ಯಲ್ಲಮ್ಮ, ಇನ್ನು ಹೊರಡೋಣ," ಎಂದಳು.

ಮಾತು ಮಾತೇ. ಕಾಂಪೌಂಡರ್ ವಾದ ಮಾಡದೆ ಹೆಂಡತಿಯ ಚೀಲ ಎತ್ತಿಕೊಂಡು ಕಾರಿನ ಕಡೆ ನಡೆದ. ಹೆಂಡತಿ ಹಿಂದಿನಿಂದ ಕೂಗಿದಳು.

"ಚೀಲ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀರಿ? ಒಳಗಿಡಿ."

"ಒಲೆ ಉರೀಲಿಲ್ವಲ್ಲೇ."

"ಉರಿದಿದ್ರೆ ಒಂದೆರಡು ದಿನ ಇದ್ದು, ನಾನಿಲ್ದೇನೂ ಎಲ್ಲ ನಡೆಯತ್ತೆ ಅಂತ ಮಗಳ ಜೊತೆ ಹೋಗ್ಬಿಡ್ತಿದ್ದೆನೇನೋ. ಈಗ ನಿಮ್ಮನ್ನ ಬಿಟ್ಟು ಹೋದ್ರೆ ನಾಳೆ ಎಮ್ಮೆಗೆ ಕನ್ನಡಕ ಹಾಕಿಸ್ತೀರಿ!"

ಕಾಂಪೌಂಡರ್ ಚೀಲವನ್ನು ಎದೆಗವಚಿಕೊಂಡು, ಮಗಳ ಎದುರಿಗೇ, ಅಂಗಳದಲ್ಲಿ ನಿಂತು ಅತ್ತುಬಿಟ್ಟ.