ಬಾಬಿನ್ನಿನ ನಡುಪಟ್ಟಿ

ಪ್ಯಾಂಟು ಮಾಸ್ಟ್ರು ಬೆಳಿಗ್ಗೆ ಯಂತ್ರದ ಮುಂದೆ ಕೂತರೆ ಮೊದಲು ಮಾಡುವ ಕೆಲಸ ಹೊಲಿಗೆಯಲ್ಲ. ಎಣ್ಣೆ ಬಿಡುವ ತೂತಿಗೆಲ್ಲ ಒಂದೊಂದು ಹನಿ ಬಿಟ್ಟು, ಚಕ್ರದ ಮೇಲೆ ಅಂಗೈ ಇಟ್ಟು ಅರೆಗಳಿಗೆ ಕಣ್ಣು ಮುಚ್ಚುತ್ತಾರೆ. ಯಾರ ಬಟ್ಟೆಯೂ ಇವತ್ತು ನನ್ನ ಕೈಯಲ್ಲಿ ಕೆಡದಿರಲಿ, ಇಷ್ಟೇ ಕೇಳಿಕೊಳ್ಳುವುದು. ಜ್ವರ ಬಂದ ದಿನವೂ ಎದ್ದು ಬಂದು ಇದನ್ನು ಮುಗಿಸಿ, ಮತ್ತೆ ಹೋಗಿ ಮಲಗಿದ್ದುಂಟು. ಮೂವತ್ತು ವರ್ಷ ಅವರ ಕೋರಿಕೆ ನಡೆದುಕೊಂಡೇ ಬಂತು. ಆಮೇಲೆ ಬಾಬಿನ್ ದೊಡ್ಡವನಾದ.

ಬಾಬಿನ್ ಅವರ ನಾಯಿ. ಮರಿಯಾಗಿದ್ದಾಗ ತನ್ನ ಬಾಲವನ್ನೇ ಅಟ್ಟಿಕೊಂಡು ದಾರದ ಬಾಬಿನ್ನಿನಂತೆ ಗಿರಗಿರ ಸುತ್ತುತ್ತಿದ್ದುದರಿಂದ ಆ ಹೆಸರು. ಮನೆ ಮಾಸ್ಟ್ರ ಅಕ್ಕನದು. ಮುಂದಿನ ಕೋಣೆ ಅಂಗಡಿ, ಹಿಂದೆ ಅಡುಗೆಮನೆ ಮತ್ತು ಇನ್ನೊಂದು ಕೋಣೆ. ಮದುವೆಯಾಗದ ತಮ್ಮ ಪ್ಯಾಂಟು ಹೊಲಿದರೆ, ಗಂಡ ತೀರಿಕೊಂಡ ಅಕ್ಕ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಚ್ಚಿಕೊಡುತ್ತಿದ್ದಳು. ಮರಿಯನ್ನು ಒಳಗೆ ಬಿಟ್ಟುಕೊಂಡವಳೂ ಅವಳೇ. ಅವನು ಜಾಣ, ತಿಂಗಳೊಳಗೇ ಹೊರಗೆ ಹೋಗಿ ಬರುವುದನ್ನು ಕಲಿತುಬಿಟ್ಟಿದ್ದ.

ಹತ್ತನೇ ತಿಂಗಳಿಗೆ ಹಿಂಗಾಲು ಮೇಲೆದ್ದಿತು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಇಸ್ತ್ರಿ ಮೇಜಿನ ಕಾಲು, ಆಮೇಲೆ ಗಿರಾಕಿಗಳು ತಂದಿಟ್ಟ ಚೀಲಗಳು. ಒಂದೊಂದಕ್ಕೂ ನಾಲ್ಕೇ ಹನಿ, ರಸೀದಿಗೆ ಮೊಹರು ಒತ್ತಿದ ಹಾಗೆ. ಅಕ್ಕ ಫಿನಾಯಿಲ್ ಹಾಕಿ ಒರೆಸುವಳು. ಒರೆಸಿದ ಜಾಗವನ್ನು ಅವನು ಮೂಸಿ ನೋಡಿ, ಯಾರೋ ತನ್ನ ಗುರುತು ಅಳಿಸಿದ್ದಾರೆಂದು ಮತ್ತೆ ಒತ್ತುವನು. ಇಬ್ಬರೂ ಸೋಲೊಪ್ಪುವ ಜಾತಿಯಲ್ಲ.

ಹೀಗಿರುವಾಗ ಬ್ಯಾಂಕಿನ ಮ್ಯಾನೇಜರು ಹೊಲಿಸಿಕೊಂಡು ಹೋದ ಪ್ಯಾಂಟನ್ನು ಎರಡೇ ದಿನಕ್ಕೆ ವಾಪಸ್ಸು ತಂದರು. ಬೈಯಲಿಲ್ಲ, ಸಭ್ಯರು. ಇದನ್ನು ಹಾಕಿಕೊಂಡು ಮೀಟಿಂಗಿಗೆ ಹೋದರೆ ಪಕ್ಕದವರು ಕುರ್ಚಿ ಸರಿಸಿಕೊಂಡರು ಎಂದಷ್ಟೇ ಹೇಳಿದರು. ಅವರು ಮೆಟ್ಟಿಲಿಳಿದ ಮೇಲೆ ಅಕ್ಕ ಫಿನಾಯಿಲ್ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಭಾನುವಾರ ಮಗ ವ್ಯಾನ್ ತರ್ತಾನೆ," ಎಂದಳು. "ಅಷ್ಟರೊಳಗೆ ಇದು ನಿಲ್ಲದಿದ್ರೆ ಬಾಬಿನ್ ಅವನ ಜೊತೆ ಶೆಡ್ಡಿಗೆ ಹೋಗ್ಲಿ. ನಂಗಿರೋ ಮೂಗೂ ಒಂದೇ, ಆಡೋ ಮಾತೂ ಒಂದೇ."

ಅಕ್ಕನ ಮಗ ಊರಾಚೆ ಲಾರಿ ಶೆಡ್ಡು ನೋಡಿಕೊಳ್ಳುತ್ತಿದ್ದ. ಅಲ್ಲಿ ನಾಯಿಗಳು ಹಗಲೆಲ್ಲ ಸರಪಳಿಯಲ್ಲಿರುತ್ತವೆ. ಮಾಸ್ಟ್ರಿಗೆ ಅನ್ನ ಇಳಿಯಲಿಲ್ಲ.

ಮರುದಿನ ಪ್ರಾಣಿಗಳ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಇದು ಕೊಳಕು ಬುದ್ಧಿಯೂ ಅಲ್ಲ, ಸಿಟ್ಟೂ ಅಲ್ಲ, ಪ್ರಾಯ ಎಂದರು. ಗಿರಾಕಿಗಳ ಚೀಲಕ್ಕೆ ಬೇರೆ ನಾಯಿಗಳ ವಾಸನೆ ಅಂಟಿರುತ್ತದೆ, ಅದರ ಮೇಲೆ ಇವನು ತನ್ನ ಹೆಸರು ಬರೆಯುತ್ತಾನೆ. ಫಿನಾಯಿಲ್ ಬಿಡಿ, ವಾಸನೆಯನ್ನು ಬುಡಸಮೇತ ತೆಗೆಯುವ ದ್ರಾವಣ ಕೊಡುತ್ತೇನೆ. ಚೀಲಗಳನ್ನು ಮೇಲೆ ತೂಗುಹಾಕಿ. ಒಳಗಿದ್ದಾಗ ಹಗ್ಗ ಕಟ್ಟಿ ಕಣ್ಣೆದುರೇ ಇಟ್ಟುಕೊಳ್ಳಿ, ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ, ಅಲ್ಲಿ ಕಾಲೆತ್ತಿದರೆ ಶಹಬ್ಬಾಸ್ ಅನ್ನಿ. ಆದದ್ದಕ್ಕೆ ಆಮೇಲೆ ಬೈದರೆ ಅವನಿಗೆ ತಿಳಿಯುವುದಿಲ್ಲ. ಇಷ್ಟಾದ ಮೇಲೆ ಆಪರೇಷನ್ನಿನ ಮಾತು ಬಂತು.

ಮಾಸ್ಟ್ರು ಕುರ್ಚಿಯ ಮೇಲೆ ಕಾಲು ಜೋಡಿಸಿಕೊಂಡರು. "ಎಷ್ಟಾದ್ರೂ ಗಂಡುಜೀವ, ಡಾಕ್ಟ್ರೇ."

"ನಿಮಗಲ್ಲ ಮಾಸ್ಟ್ರೇ, ನಾಯಿಗೆ."

ಭಾನುವಾರ ಕಳೆದ ಮೇಲಿನ ಬುಧವಾರಕ್ಕೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ಒಳಗಿದ್ದಾಗ ಹೊಟ್ಟೆಗೊಂದು ಬಟ್ಟೆಯ ಪಟ್ಟಿ ಸುತ್ತಿ, ಒಳಗೆ ಹತ್ತಿ ಇಡಿ, ಒದ್ದೆಯಾದ ಕೂಡಲೇ ಬದಲಾಯಿಸಿ, ಹೊರಗೆ ಹೋಗುವಾಗ ಬಿಚ್ಚಿ ಎಂದರು. ಹೊಲಿಯುವುದು ಹೇಗೆಂದು ನಿಮಗೆ ಹೇಳಬೇಕಾಗಿಲ್ಲವಲ್ಲ ಎಂದೂ ಸೇರಿಸಿದರು.

ಹೇಳಬೇಕಾಗಿತ್ತು. ಮಾಸ್ಟ್ರು ಅವತ್ತು ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಬಾಬಿನ್ನನ್ನು ನಿಲ್ಲಿಸಿ ಮೂರು ಸಲ ಅಳತೆ ತೆಗೆದರು. ಉಸಿರು ಬಿಡು ಎಂದು ಅಭ್ಯಾಸಬಲದಿಂದ ಅವನಿಗೂ ಹೇಳಿದರು. ಸೂಟಿನ ಬಟ್ಟೆ, ಒಳಗೆ ಲೈನಿಂಗು, ಬೆನ್ನ ಮೇಲೆ ಹುಕ್ಕು, ಮುಂದಕ್ಕೆ ಮೈ ಬಂದರೆ ಬಿಚ್ಚಿ ಅಗಲ ಮಾಡಲೆಂದು ಅರ್ಧ ಇಂಚು ಮಡಿಕೆ. ತೊಡಿಸಿದಾಗ ಬಾಬಿನ್ ಮದುವೆಗೆ ಹೊರಟವನ ಹಾಗೆ ನಿಂತ.

ಸಂಜೆಯ ಹೊತ್ತಿಗೆ ಇಸ್ತ್ರಿ ಮೇಜಿನ ಕಾಲು ಒದ್ದೆಯಾಗಿತ್ತು. ಪಟ್ಟಿ ನೋಡಿದರೆ ಬೆಚ್ಚಗೆ ಒಣಗಿದೆ. ಮರುದಿನವೂ ಅದೇ ಕಥೆ. ಮಾಸ್ಟ್ರು ಹುಕ್ಕು ಬಿಗಿ ಮಾಡಿದರು, ಸಡಿಲ ಮಾಡಿದರು. ಕೊನೆಗೆ ಡಾಕ್ಟರಮ್ಮನಿಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲವೇನೋ ಎಂಬಲ್ಲಿಗೆ ಬಂದರು.

ಪಟ್ಟಿಯನ್ನು ಒಗೆಯಲೆಂದು ಎತ್ತಿಕೊಂಡ ಅಕ್ಕ ಅದನ್ನು ಬೆಳಕಿಗೆ ಹಿಡಿದು ಹಾಗೇ ನಿಂತುಬಿಟ್ಟಳು. ಹೊಟ್ಟೆಯ ಕೆಳಗೆ ಬರುವ ಭಾಗದಲ್ಲಿ, ಮೇಲೊಂದು ಬಟ್ಟೆಯ ಮಡಿಕೆ ಮುಚ್ಚಿಕೊಂಡು, ನಾಲ್ಕು ಇಂಚಿನ ಅಚ್ಚುಕಟ್ಟಾದ ಸೀಳು. ಹತ್ತಿಯನ್ನು ಅದರ ಎರಡೂ ಕಡೆಗೆ ಸಮನಾಗಿ ಹಂಚಿ ಹೊಲಿದಿತ್ತು.

"ಇದೇನೋ ಇದು?"

ಮಾಸ್ಟ್ರು ಕನ್ನಡಕ ಏರಿಸಿ ನೋಡಿದರು. ಮೂವತ್ತು ವರ್ಷ ಗಂಡಸರ ಪ್ಯಾಂಟನ್ನಲ್ಲದೆ ಬೇರೇನನ್ನೂ ಹೊಲಿಯದ ಕೈ ತನ್ನ ಪಾಡಿಗೆ ತಾನು ಮುಂದೆ ದಾರಿ ಬಿಟ್ಟಿತ್ತು.

"ಜಿಪ್ ಒಂದು ಮರೆತೆ ನೋಡು," ಎಂದಳು ಅಕ್ಕ. "ಪಾಪ, ಅದನ್ನೂ ಇಟ್ಟಿದ್ರೆ ಮುಗಿಸಿದ್ಮೇಲೆ ಹಾಕ್ಕೊಳ್ತಿದ್ದ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಪಟ್ಟಿಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ಅದು ಯಾರದೆಂದು ನೆನಪಾಗಿ ಕೈ ದೂರ ಹಿಡಿದು ಮತ್ತೆ ನಕ್ಕಳು. ಮಾಸ್ಟ್ರು ಮುಖ ದಪ್ಪ ಮಾಡಿಕೊಂಡು ಕತ್ತರಿ ಹುಡುಕಿದರು. ಅದಕ್ಕೆ ಅವಳು, ನಿನ್ನ ಕೈಗೆ ಕೊಟ್ಟರೆ ಇನ್ನು ಜೇಬೂ ಬರುತ್ತದೆ, ಕೊಡು ಇಲ್ಲಿ ಎಂದು ತಾನೇ ಹೊಸದೊಂದನ್ನು ಹೊಲಿಯಲು ಕೂತಳು. ಬದಲಾಯಿಸಲು ಬೇಕಾಗುತ್ತದೆಂದು ಹಳೆಯ ಬೆಡ್‌ಶೀಟಿನಲ್ಲಿ ಇನ್ನೂ ಮೂರು ಹೊಲಿದಳು.

ಅವತ್ತಿನಿಂದ ಮನೆಗೆ ಬೇರೆಯೇ ಗಡಿಯಾರ ಬಂತು. ಚೀಲಗಳೆಲ್ಲ ಮೊಳೆಗೆ ಏರಿದವು. ಬಾಬಿನ್ನಿನ ಹಗ್ಗ ಯಂತ್ರದ ಕಾಲಿಗೆ ಬಿತ್ತು. ಅವನು ಮೂಗು ಚಾಚಿ ಸುತ್ತತೊಡಗಿದರೆ ಸಾಕು, ಮಾಸ್ಟ್ರು ಅರ್ಧ ಹೊಲಿಗೆ ಬಿಟ್ಟು ಅವನನ್ನು ಹೊರಗೆ ಕರೆದೊಯ್ದು, ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಂತೆ ಹೊಗಳುವರು. ನನ್ನನ್ನ ಯಾರೂ ಇಷ್ಟು ಹೊಗಳಿಲ್ಲ ಎಂದು ಎದುರುಮನೆಯ ಪೋಸ್ಟ್‌ಮ್ಯಾನ್ ಕೊಂಕು ತೆಗೆದ. ಶುಕ್ರವಾರ ಒಂದು ಸಲ ಪಟ್ಟಿಯ ಹತ್ತಿ ಒದ್ದೆಯಾಯಿತು, ಗೋಡೆ ಆಗಲಿಲ್ಲ. ಶನಿವಾರ ಹತ್ತಿಯೂ ಒಣಗಿಯೇ ಇತ್ತು.

ಭಾನುವಾರ ಅಕ್ಕನ ಮಗ ಬಂದ. ಬಂದವನೇ ಶೆಡ್ಡಿನ ನಾಲ್ಕು ನಾಯಿಗಳ ಸಮಾಚಾರವನ್ನೆಲ್ಲ ಹೊತ್ತ ತನ್ನ ಚೀಲವನ್ನು ನೆಲದ ಮೇಲಿಟ್ಟ. ಬಾಬಿನ್ನಿನ ಹಗ್ಗ ಬಿಗಿಯಿತು. ಮಾಸ್ಟ್ರು ಪಟ್ಟಿ ಬಿಚ್ಚಿ ಅವನನ್ನು ಹೊರಗೆ ಕರೆದುಕೊಂಡು ಹೋದರು. ಅವನು ವ್ಯಾನಿನ ನಾಲ್ಕು ಚಕ್ರಕ್ಕೂ ಸರದಿಯಂತೆ ಮೊಹರು ಒತ್ತಿ, ಹಗುರಾಗಿ ಒಳಗೆ ಬಂದು ಮಲಗಿದ.

ಅಕ್ಕನ ಮಗ ಒಳ್ಳೆಯವನು. ಮಾವನ ಮುಖ ನೋಡಿ ಪಕ್ಕಕ್ಕೆ ಬಂದು ಕೂತ. "ನನ್ ಜೊತೆ ಕಳಿಸು ಮಾವ. ಆಪರೇಷನ್ನೂ ಬೇಡ, ಪಟ್ಟೀನೂ ಬೇಡ. ಶೆಡ್ಡಲ್ಲಿ ಎಲ್ಲಿ ಬೇಕಾದ್ರೂ ಕಾಲೆತ್ತಲಿ, ಕೇಳೋರಿಲ್ಲ. ನಿಂಗೂ ತಲೆನೋವು ತಪ್ಪತ್ತೆ."

ಬುಧವಾರವನ್ನು ನೆನೆದಾಗಲೆಲ್ಲ ಮಾಸ್ಟ್ರು ಈಗಲೂ ಕಾಲು ಜೋಡಿಸಿಕೊಳ್ಳುತ್ತಿದ್ದರು. ಅವರು ಅಕ್ಕನ ಕಡೆ ನೋಡಿದರು. ಅವಳು ಕಾಜಾದಿಂದ ತಲೆಯೆತ್ತಲಿಲ್ಲ.

"ನನ್ನನ್ನೇನು ನೋಡ್ತೀಯ? ನೆಲ ಒಣಗಿದೆ," ಎಂದಳು.

ಮಾಸ್ಟ್ರು ಮಲಗಿದ್ದ ಬಾಬಿನ್ನಿನ ಬೆನ್ನ ಮೇಲೆ ಪಟ್ಟಿಯ ಹುಕ್ಕು ಹಾಕಿದರು.

"ಬೇಡಪ್ಪ," ಎಂದರು. "ಬುಧವಾರ ನಾನೇ ಕರ್ಕೊಂಡು ಹೋಗ್ತೀನಿ."