ಐವಿ ಬಳ್ಳಿಗೆ ಹತ್ತಿದ ಹುಳ

ಐವಿ ಬಳ್ಳಿ ಅಂದ್ರ ಇವತ್ತಿಗೂ ನನಗ ಮೈ ಉರೀತದ. ಬಳ್ಳಿದೇನೂ ತಪ್ಪಿಲ್ಲ. ಥಂಡಿ ದೇಶದ ಬಡಪಾಯಿ ಬಳ್ಳಿ, ಪುಣೆ ಬ್ಯಾಸಗ್ಯಾಗ ತಂದು ಪಡಸಾಲ್ಯಾಗ ಇಟ್ರ ಅದರೆ ಏನು ಮಾಡೀತು? ಆದ್ರ ಯಾರದರೆ ಮನ್ಯಾಗ ಕಿಡಕಿ ಹತ್ರ ಕುಂಡದಾಗ ಆ ಐದು ಮೂಲಿ ಎಲಿ ಕಂಡ್ವು ಅಂದ್ರ ನಾ ಮಾರಿ ತಿರುವಿ ಕೂಡ್ರತೀನಿ. ಯಾಕ ಅಂತ ಕೇಳಿದವರಿಗೆ ಇಷ್ಟು ದಿನಾ ಹೇಳಿರಲಿಲ್ಲ. ಯಾರ ಮರ್ಯಾದಿ ಕಾಯಲಿಕ್ಕೆ ಬಾಯಿ ಮುಚ್ಚಿಕೊಂಡಿದ್ದೆನೋ ಆಕಿ ಈಗ ಇಲ್ಲ, ಅದಕ್ಕ ಹೇಳತೀನಿ.

ನಮ್ಮದು ಧಾರವಾಡದ ಕಡೆ ಮನಿತನ. ಅಣ್ಣಗ ಪುಣೆ ಕ್ಯಾಂಪಿನ್ಯಾಗ ಒಬ್ಬ ದೊಡ್ಡ ಸಾಹೇಬನ ಕಚೇರ್ಯಾಗ ಕಾರಕೂನಕಿ ಸಿಕ್ಕಿತ್ತು. ಅಂವನ ಬೆನ್ನು ಹತ್ತಿ ಅವ್ವ, ಅಣ್ಣನ ಹೆಂಡತಿ ನಮ್ಮ ವೈನಿ, ನಾನು ಮೂರೂ ಮಂದಿ ಬಂದ್ವಿ. ನಾ ಹದಿನಾರು ತುಂಬೂದರಾಗ ಗಂಡನ್ನ ಕಳಕೊಂಡು ತವರಿಗೆ ತಿರುಗಿ ಬಂದಾಕಿ. ತಲಿ ಬೋಳಿಸಲಿಲ್ಲ, ಅಣ್ಣ ಅಡ್ಡ ಬಂದ. ಆ ಉಪಕಾರ ಅಂವಾ ದಿನಾ ನೆನಪು ಮಾಡಿ ಕೊಡತಿದ್ದ. ಉಳದದ್ದೆಲ್ಲಾ ನನ್ನಂಥಾಕಿಗೆ ಏನಿರತದೋ ಅದೇ. ಎಲ್ಲಾರಕಿಂತ ಮೊದಲ ಏಳು, ಎಲ್ಲಾರದೂ ಆದಮ್ಯಾಲ ಉಣ್ಣು, ಶುಭ ಕೆಲಸ ಇದ್ದಾಗ ಎದುರಿಗೆ ಬರಬ್ಯಾಡ. ಮನಿ ಒಳಗ ಕನ್ನಡ, ಹೊಸ್ತಲ ದಾಟಿದ್ರ ಮರಾಠಿ. ನಳದ ಮುಂದಿನ ಜಗಳಾ ಸೈತ ಮರಾಠಿ ಒಳಗೇ ಆಡಲಿಕ್ಕೆ ಕಲತೆ.

ವೈನಿ ಬಸರಿದ್ದಾಗ ಆಕಿನ್ನ ಹೆಂಗಸರ ದವಾಖಾನಿಗೆ ಕರಕೊಂಡು ಹೋಗೂದು ನನ್ನ ಪಾಲಿಗೆ ಬಂತು. ಆ ದವಾಖಾನಿ ಕಮಿಟಿ ಒಳಗ ಅಣ್ಣನ ಸಾಹೇಬನ ಹೆಂಡತಿನೇ ಇದ್ಲು. ಮೇಮ್‌ಸಾಹೇಬ ಅಂತಿದ್ವಿ. ಅಲ್ಲೆ ನರ್ಸ ಕೆಲಸ ಕಲಸತಿದ್ರು. ಕಲಿಯೋರಿಗೆ ಇರಲಿಕ್ಕೆ ಖೋಲಿ, ಎರಡು ಹೊತ್ತು ಊಟ, ಕಲತಮ್ಯಾಲ ಕೆಲಸ. ಬಿಳೀ ಸೀರಿ ಉಟಗೊಂಡು ಓಡಾಡೋ ಆ ಹುಡಿಗ್ಯಾರನ್ನ ನಾ ಬಾಯಿ ತಕ್ಕೊಂಡು ನೋಡತಿದ್ದೆ. ನಾನೂ ಬಿಳೀ ಸೀರಿನೇ ಉಟ್ಟಿದ್ದೆ, ಆದ್ರ ಅವರನ್ನ ಕಂಡ್ರ ಯಾರೂ ಅಪಶಕುನ ಅಂತಿರಲಿಲ್ಲ. ಒಂದಿನಾ ಮೇಮ್‌ಸಾಹೇಬ ಹರಕು ಮುರುಕು ಮರಾಠಿ ಒಳಗ, ನೀ ಕಲೀತೀ ಏನು, ಅಂತ ಕೇಳಿದ್ಲು. ಅಣ್ಣನ್ನ ಕೇಳಿ ಹೇಳತೀನಿ ಅನಬೇಕಿತ್ತು. ನಾ ಹೂಂ ಅಂದುಬಿಟ್ಟೆ.

ಆಕಿ ಬ್ಯಾಸಗಿಗೆ ಮಹಾಬಳೇಶ್ವರಕ್ಕ ಹೊಂಟಿದ್ಲು, ಬಂಗಲೆಕ್ಕ ಕೀಲಿ ಬೀಳೂದಿತ್ತು. ಹಿಂದಿನ ವರ್ಷ ಬಿಟ್ಟು ಹೋದ ಗಿಡಾ ಎಲ್ಲಾ ಒಣಗಿದ್ವಂತ. ಆಕಿ ಭಾಳ ಜೀವಾ ಇಟ್ಟಿದ್ದ ಐವಿ ಬಳ್ಳಿ ಕುಂಡಾನ ಟಾಂಗಾದಾಗ ಇಟ್ಟು ನಮ್ಮ ಮನಿಗೆ ಕಳಿಸಿದ್ಲು. "ಮಳಿ ಹಿಡದಮ್ಯಾಲ ಬಂದು ನೋಡತೀನಿ. ಬಳ್ಳಿ ನೆಟ್ಟಗಿದ್ರ ನಾನೇ ನಿನ್ನ ಕರಕೊಂಡು ಹೋಗಿ ಸೇರಸತೀನಿ. ಬಾಯಿಲ್ಲದ ಜೀವಾ ಜ್ವಾಕಿ ಮಾಡಾಕಿ ರೋಗಿನ್ನೂ ಜ್ವಾಕಿ ಮಾಡತಾಳ," ಅಂತ ನನಗ ಹೇಳಿದ್ಲು. ಅಣ್ಣಗ ಹಿಗ್ಗೋ ಹಿಗ್ಗು, ಸಾಹೇಬನ ಮನಿ ಕುಂಡಾ ತನ್ನ ಪಡಸಾಲಿಗೆ ಬಂತಲ್ಲಾ ಅಂತ. ಅವ್ವ ಮಾತ್ರ "ನೋಡೂಣು" ಅಂದ್ಲು, ಅಷ್ಟೇ.

ಬಿಸಲು ಏರಿತು. ಬಳ್ಳಿ ಹೊಳಪು ಕಳಕೊಂತು. ಎಲಿ ಮ್ಯಾಲ ಬೆಲ್ಲದ ಪಾಕ ಸಿಡದಂಗ ಅಂಟು, ಕೆಳಗ ಫರಶಿ ಮ್ಯಾಲ ಕಾಲಿಟ್ರ ಚಟ್ ಅಂತ ಹಿಡಿಯೂದು. ಸ್ವಲ್ಪ ದಿನಕ್ಕ ಆ ಅಂಟಿನ ಮ್ಯಾಲ ಕರೀ ಮಸಿ ಕೂತಂಗ ಕೂತಿತು. ಅಣ್ಣ, ನೀರು ಸಾಲವಲ್ದು ಅಂದ. ನೀರು ಹೆಚ್ಚು ಹಾಕಿದ್ರ ಕುಂಡದ ಮಣ್ಣು ನಾರಲಿಕ್ಕೆ ಹತ್ತಿತು. ಅವ್ವ, ದೃಷ್ಟಿ ಆಗೇದ ಅಂದ್ಲು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ಲು. ಬಳ್ಳಿಗೇನೂ ಆಗಲಿಲ್ಲ, ನಾವೆಲ್ಲಾ ಕೆಮ್ಮಿ ಕೆಮ್ಮಿ ಸುಸ್ತಾದ್ವಿ.

ಒಂದು ಮಧ್ಯಾಹ್ನ ನಾನೇ ಕುಂಡದ ಮುಂದ ಕೂತು ಒಂದೊಂದೇ ಎಲಿ ತಿರುವಿ ನೋಡಿದೆ. ಎಲಿ ಬೆನ್ನಿಗೆ, ನಡುವಿನ ನರದ ಗುಂಟ, ಅಗಸಿ ಬೀಜಾ ಸೀಳಿ ಅಂಟಿಸಿದಂಗ ಕಂದು ಕಂದು ಚಿಕ್ಕಿ. ಕಾಂಡದ ಮ್ಯಾಲೂ ಅವೇ. ಅದು ಬಳ್ಳಿ ಗುಣಾ ಅಂತ ತಿಳಕೊಂಡು ಇಷ್ಟು ದಿನಾ ಮ್ಯಾಲ ಮ್ಯಾಲ ಒರಿಸಿ ಬಿಡತಿದ್ದೆ. ಒಂದನ್ನ ಉಗರಲೆ ಕೆರದೆ. ಟಕ್ಕನ ಬಿತ್ತು, ಒಳಗ ಹಸೀ ಹಳದಿ ನೀರು. ಅದು ಚಿಕ್ಕಿ ಅಲ್ಲ, ಹುಳ. ಓಡಾಡಂಗಿಲ್ಲ, ಹಾರಂಗಿಲ್ಲ, ಕೂತಲ್ಲೇ ಕೂತು ರಸಾ ಹೀರತದ. ಅಂಟು ಅಂದ್ರ ಅದು ಹೀರಿ ಹೊರಗ ಬಿಟ್ಟದ್ದು.

ಅಂಟವಾಳಕಾಯಿ ಜಜ್ಜಿ ಕುದಿಸಿದೆ. ತಂಬಾಕಿನ ಎಲಿ ನೀರಾಗ ನೆನೆ ಇಟ್ಟು ಸೋಸಿ ಅದರಾಗ ಕೂಡಿಸಿದೆ. ಅಣ್ಣನ ಹಳೇ ಧೋತರದ ಚಿಂದಿ ಅದ್ದಿ ಒಂದೊಂದು ಎಲಿನೂ ಬೆನ್ನು ಮಾರಿ ಎರಡೂ ಒರಿಸಿದೆ. ಗಟ್ಟಿ ಹಿಡದಿದ್ದನ್ನ ಉಗರಲೆ ಬಿಡಿಸಿದೆ. ಪೂರಾ ಕೆಟ್ಟ ಕುಡಿ ಅಷ್ಟೇ ಕತ್ತರಿಸಿ ಬಚ್ಚಲ ಒಲಿಗೆ ಹಾಕಿ ಸುಟ್ಟೆ, ಕಡೀಕ ತಣ್ಣೀರಲೆ ತೊಳದೆ. ಕೈಗೆ ತಂಬಾಕಿನ ವಾಸನಿ ಹತ್ತಿ ಊಟಾ ಸೇರತಿರಲಿಲ್ಲ. ಬಳ್ಳಿ ಸ್ವಚ್ಛ ಆತು ಅಂತ ಹಿಗ್ಗಿದೆ. ಒಂದು ವಾರದಾಗ ಮತ್ತ ಹುಳ. ಆವತ್ತು ಕುಂಡದ ಮುಂದ ಕೂತು ಅತ್ತೆ.

ಅತ್ತು ಮುಗಿಸಿ ಮತ್ತ ನೋಡಿದೆ. ಆವಾಗ ಕಣ್ಣಿಗೆ ಬಿದ್ವು ಇರುವಿ. ಗ್ವಾಡಿ ಬುಡದಿಂದ ಕುಂಡಕ್ಕ, ಕುಂಡದಿಂದ ಬಳ್ಳಿಗೆ ಸಾಲು ಹಚ್ಚಿದ್ವು. ಒಂದೊಂದು ಹುಳದ ಹತ್ರನೂ ನಿಂತು, ಮೀಸಿಲೆ ಅದರ ಮೈ ಸವರಿ, ಅದು ಬಿಟ್ಟ ಸಿಹಿ ಕುಡದು ಮುಂದ ಹೋಗತಿದ್ವು. ಗೌಳ್ಯಾ ಎಮ್ಮಿ ಸಾಕಿದಂಗ ಆ ಹುಳಾ ಸಾಕಿದ್ವು. ಗುಲಗಂಜಿಯಂಥಾ ಒಂದು ಕೆಂಪು ಹುಳ ಎಲ್ಲಿಂದೋ ಬಂದು ಅವನ್ನ ತಿನ್ನಲಿಕ್ಕೆ ನೋಡಿದ್ರ ಎಲ್ಲಾ ಕೂಡಿ ಅದನ್ನ ಕಡದು ಓಡಿಸಿದ್ವು.

ಇರುವಿ ಯಾಕ ಬಂದ್ವು ಅಂತ ದೂರ ಹುಡಕಬೇಕಾಗಿರಲಿಲ್ಲ. ನಮ್ಮವ್ವ ದಿನಾ ಮುಂಜಾನೆ ಸ್ನಾನಾ ಆದಮ್ಯಾಲ ಇರುವಿಗೆ ಸಕ್ಕರಿ ರವಾ ಹಾಕತಿದ್ಲು. ಪುಣ್ಯದ ಕೆಲಸ. ಧಾರವಾಡದಾಗ ತುಳಸಿ ಕಟ್ಟಿ ಬುಡಕ್ಕ ಹಾಕಾಕಿ, ಇಲ್ಲೆ ತುಳಸಿ ಕಟ್ಟಿ ಎಲ್ಲಿಂದ ಬರಬೇಕು? ಮನ್ಯಾಗ ಇದ್ದದ್ದು ಮೇಮ್‌ಸಾಹೇಬನ ಕುಂಡಾ ಒಂದೇ, ಅದರ ಬುಡಕ್ಕೇ ಹಾಕತಿದ್ಲು.

ನಾ ಅವ್ವನ್ನ ಕರದು ಕೂಡಿಸಿ ಎಲ್ಲಾ ತೋರಿಸಿದೆ. ಹುಳಾ ಹ್ಯಾಂಗ ಹೀರತದ, ಇರುವಿ ಹ್ಯಾಂಗ ಕಾಯತಾವ, ಸಕ್ಕರಿ ಹಾಕಿದ್ರ ಬಳ್ಳಿ ಹ್ಯಾಂಗ ಸಾಯತದ. ಅವ್ವ ಭಾಳ ಲಕ್ಷ್ಯ ಕೊಟ್ಟು ಕೇಳಿದ್ಲು. "ಅಂದ್ರ ಇರುವಿ ಹತ್ತಲಾರದಂಗ ನೋಡಿಕೊಂಡ್ರ ಬಳ್ಳಿ ಉಳೀತದ?" ಅಂದ್ಲು. ಉಳೀತದ ಅಂದೆ. "ಹತ್ತಿದ್ರ?" ಹೋಗತದ ಅಂದೆ. ನನ್ನ ಮಾತು ಮನ್ಯಾಗ ಯಾರೂ ಹಂಗ ಕೇಳಿದ್ದಿಲ್ಲ, ನನಗ ಹೆಮ್ಮಿ ಅನಿಸಿತು. ಮರುದಿನದಿಂದ ಆಕಿ ಸಕ್ಕರಿ ಹಿತ್ತಲಿಗೆ ಒಯ್ದು ಹಾಕಿದ್ಲು. ನಾ ಕುಂಡಾನ ಕಿಡಕಿ ಹತ್ರ ತಿಪಾಯಿ ಮ್ಯಾಲ ಏರಿಸಿ, ಹಾಲಿನ ಕಪಾಟಿಗೆ ಇಡತೀವಲ್ಲಾ ಹಂಗ, ಇರುವಿ ದಾಟಬಾರದಂತ ತಿಪಾಯಿ ಒಂದೊಂದು ಕಾಲಿನ ಕೆಳಗೂ ನೀರಿನ ಬಟ್ಟಲಾ ಇಟ್ಟೆ. ಮತ್ತೊಂದೆರಡು ಸಲ ಒರಿಸಿದೆ. ಇರುವಿ ಹೋದ್ವು, ಹುಳಾ ಹೋತು. ಎಳೀ ಎಲಿ ಒಡದು ಬಂದ್ವು, ಎಣ್ಣಿ ಹಚ್ಚಿದಂಗ ಹೊಳೀತಿದ್ವು.

ಅಷ್ಟರಾಗ ಬೆಳಗಾವಿಯಿಂದ ಕರೀ ಬಂತು. ವೈನಿ ತವರಿಗೆ ಹೋಗಿ ಹಡದಿದ್ಲು, ಆಕಿ ತಾಯಿ ಹಾಸಿಗಿ ಹಿಡದಿದ್ಲು, ಬಾಣಂತನಕ್ಕ ಕೈಯಿಲ್ಲ. ನಾ ಹೋಗಬೇಕಂತ ಅಣ್ಣ ಅಂದ. ಬಳ್ಳಿ ಯಾರು ನೋಡಬೇಕು ಅಂದ್ರ, "ನಿನಗ ಬಳ್ಳಿ ದೊಡ್ಡದೋ ನನ್ನ ಮಗ ದೊಡ್ಡವನೋ?" ಅಂತ ಕಣ್ಣು ಕಿಸದ. ಅವ್ವ ನಡುವ ಬಂದು, "ಹೋಗವಾ ತಂಗಿ, ನಾ ನೋಡಕೋತೀನಿ. ನೀ ಎಲ್ಲಾ ತೋರಿಸೀದಿ ಅಲ್ಲಾ," ಅಂದ್ಲು. ಬಟ್ಟಲಕ್ಕ ನೀರು, ಎಲಿ ಬೆನ್ನು ಒರಿಸೂದು, ಇರುವಿ, ಎಲ್ಲಾ ನಾ ಹೇಳಿದಂಗೇ ತಿರುಗಿ ಒಪ್ಪಿಸಿದ್ಲು. ಆಕಿ ಕಾಲಿಗೆ ಬಿದ್ದು ಗಾಡಿ ಹತ್ತಿದೆ.

ಬಾಣಂತನಾ ಮುಗಿಸಿ ತಿರುಗಿ ಬರೂದರಾಗ ಪುಣೆದಾಗ ಮಳಿ ಹಿಡದಿತ್ತು. ಗಂಟು ಕೆಳಗಿಡೋಕಿಂತ ಮೊದಲ ಕಿಡಕಿ ಕಡೆ ಹೋದೆ. ಬಳ್ಳಿಗೆ ಎಲಿ ಅಂಬೋದು ಅಲ್ಲೊಂದು ಇಲ್ಲೊಂದು, ಅವೂ ಮಸಿ ಅರಿವಿ ಹಂಗ. ಕಾಂಡ ಕಾಣದಂಗ ಹುಳ. ಬಟ್ಟಲಾ ನೋಡಿದೆ, ತುಂಬ ನೀರಿತ್ತು. ಮತ್ತ ಇರುವಿ ಹ್ಯಾಂಗ ಹತ್ತಿದ್ವು? ನೋಡತೀನಿ, ಬಳ್ಳಿದು ಉದ್ದನ್ನ ಕುಡಿ ಒಂದನ್ನ ಕಿಡಕಿ ಪಡದೆ ಹಿಂದಿಂದ ಎಳಕೊಂಡು ಹೋಗಿ ಕಿಡಕಿ ಸಳಿಗೆ ಕಟ್ಟೇದ. ಅದೇ ಸಳಿ ಬುಡಕ್ಕ ಸಕ್ಕರಿ. ಕಟ್ಟಿದ್ದು ಅವ್ವ ದೇವರ ಬತ್ತಿಗೆ ಹೊಸೀತಿದ್ದ ಹತ್ತಿ ದಾರ, ಎರಡು ಗಂಟು ಹಾಕಿ ಬಿಗದು ಕಟ್ಟಿದ್ಲು. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂತಾರ. ಆದ್ರ ಆಕಿಗೆ ನಿಮಿಷ ಸಾಲಿರಲಿಲ್ಲ, ನಾ ಇಲ್ಲದಷ್ಟೂ ದಿನಾ ತಪ್ಪದಂಗ ಸಕ್ಕರಿ ಹಾಕಿದ್ಲು.

ನಾ ದಾರಾ ಹರದು ಒರಸಲಿಕ್ಕೆ ಕೂತೆ. ಉಳಿಯೂದಿರಲಿಲ್ಲ. ಎರಡು ದಿನಕ್ಕ ಮೇಮ್‌ಸಾಹೇಬ ಬಂದ್ಲು. ಕುಂಡದ ಮುಂದ ನಿಂತು ಒಂದು ಒಣಾ ಎಲಿ ಮುರದು ನೋಡಿದ್ಲು. ಇದನ್ನ ಯಾರು ನೋಡಕೋತಿದ್ರು ಅಂತ ಕೇಳಿದ್ಲು. ನಾ ಬಾಯಿ ತೆಗಿಯೂದರಾಗ ಒಳಬಾಗಲದಾಗ ನಿಂತಿದ್ದ ಅವ್ವ ಮರಾಠಿ ಒಳಗ, ಈಕಿನೇ ನೋಡತಿದ್ಲು, ಅಂದ್ಲು. ನಾ ಬೆಳಗಾವಿಗೆ ಹೋಗಿದ್ದೆ ಅಂದೆ. "ಅಂದ್ರ ಬಿಟ್ಟು ಹೋದಿ," ಅಂದ್ಲು ಮೇಮ್‌ಸಾಹೇಬ. "ರೋಗಿನ್ನ ಬಿಟ್ಟು ಹೋಗಾಕಿ ನನಗ ಬ್ಯಾಡ." ಕಳಿಸಿದ ಅಣ್ಣ ಅಲ್ಲೇ ಕೈ ಕಟಗೊಂಡು ನಿಂತಿದ್ದ. ನಮ್ಮವ್ವನೇ ಕೊಂದಳು ಅನ್ನೂ ಮಾತು ನನ್ನ ಗಂಟಲ ತನಕಾ ಬಂದಿತ್ತು. ಹೆತ್ತಾಕಿ ಮರ್ಯಾದಿ ಪರದೇಶದಾಕಿ ಮುಂದ ಕಳೀಲಿಕ್ಕೆ ಬಾಯಿ ಬರಲಿಲ್ಲ. ಬರಂಗಿಲ್ಲ ಅಂತ ಅವ್ವಗೂ ಗೊತ್ತಿತ್ತು.

ಆಕಿ ಕುಂಡಾ ಅಲ್ಲೇ ಬಿಟ್ಟು ಹೋದ್ಲು. ನಾ ಅಡಗಿ ಮನಿಗೆ ಹೋದೆ. ಅವ್ವ ಅಕ್ಕಿ ಆರಸಲಿಕ್ಕೆ ಕೂತಿದ್ಲು.

"ದಾರಾ ಯಾಕ ಕಟ್ಟಿದಿ?"

ಸುಳ್ಳು ಹೇಳತಾಳ ಅಂದುಕೊಂಡಿದ್ದೆ. ಹೇಳಿದ್ರ ಛಲೋ ಇತ್ತು.

"ಕಟ್ಟೀನಿ," ಅಂದ್ಲು, ಅಕ್ಕಿ ಮೊರದಿಂದ ಕಣ್ಣು ಎತ್ತಲಿಲ್ಲ. "ನಿಮ್ಮಣ್ಣ ಹೆಂಡತಿ ಕಡೆ ಆಗ್ಯಾನ. ನಾಳೆ ನಾ ಬಿದ್ದೆ ಅಂದ್ರ ಆಕಿ ನನ್ನ ಹೇಲು ಉಚ್ಚಿ ಬಳೀತಾಳೇನು? ಊರ ಮಂದಿದು ಬಳೀಲಿಕ್ಕೆ ಹೊಂಟಿದ್ದಿ. ಹೆತ್ತಾಕಿದು ಬಳೀಲಿಕ್ಕೆ ಏನು ಧಾಡಿ?"

"ನನ್ನ ಗತಿ ಏನು ಅಂತ ವಿಚಾರ ಮಾಡಿದೇನವಾ?"

"ಗಂಡ ಸತ್ತಾಗೇ ನಿನ್ನ ಗತಿ ಆತು," ಅಂದ್ಲು. ಅಂದು, ಅಕ್ಕಿಯಾಗಿನ ಒಂದು ಹಳ್ಳು ತಗದು ಬದಿಗಿಟ್ಲು.

ಬೇಲಿನೇ ಎದ್ದು ಹೊಲಾ ಮೇಯ್ದ್ರ ಯಾರ ಮುಂದ ಹೇಳಬೇಕು? ನಾ ಯಾರಿಗೂ ಹೇಳಲಿಲ್ಲ. ಆ ದವಾಖಾನಿ ಮುಂದ ಹಾದು ಹೋಗೂದು ಬಿಟ್ಟೆ, ಸುತ್ತು ಹಾಕಿ ಬಜಾರಕ್ಕ ಹೋಗತಿದ್ದೆ.

ಅವ್ವ ಅಂದಂಗೇ ಆತು. ನನಗ ತಲಿಗೂದಲ ಬೆಳ್ಳಗಾಗೂ ಹೊತ್ತಿಗೆ ಆಕಿಗೆ ಲಕ್ವಾ ಹೊಡೀತು. ಅಣ್ಣ ವೈನಿ ಬಾಗಲದಾಗ ನಿಂತು ವಿಚಾರಿಸಿ ಹೋಗತಿದ್ರು. ತೊಳದಾಕಿ ನಾನು, ಹೊರಳಿಸಿದಾಕಿ ನಾನು, ಚಮಚಾಲೆ ಗಂಜಿ ಕುಡಿಸಿದಾಕಿ ನಾನು. ಬೆನ್ನಿಗೆ ಒಂದು ಹುಣ್ಣು ಆಗಗೊಡಲಿಲ್ಲ. ಬಂದ ವೈದ್ಯರು ಅಣ್ಣಗ, ನಿಮ್ಮ ತಂಗಿ ಎಲ್ಲೆ ಕಲತಾರ್ರಿ ಇದನ್ನೆಲ್ಲಾ, ಅಂತ ಕೇಳಿದ್ರು. ಅಣ್ಣ, ಮನ್ಯಾಗೇ ಕಲತಾಳ್ರಿ, ಅಂದ.

ಅವರು ಹೋದಮ್ಯಾಲ ಅವ್ವ ಸೊಟ್ಟ ಬಾಯಿಲೆ ಏನೋ ಅಂದ್ಲು. ಬಗ್ಗಿ ಕಿವಿಗೊಟ್ಟೆ.

"ಇನ್ನೂ ಸಿಟ್ಟು ಅದ ಏನವಾ?"

"ಅದ," ಅಂದೆ. ಅಂದು, ಆಕಿನ್ನ ಇನ್ನೊಂದು ಮಗ್ಗಲಿಗೆ ಹೊರಳಿಸಿ ಬೆನ್ನು ಒರಿಸಿದೆ.